ಬೇನೆ ಬಿದ್ದವರಿಗೆ ರೊಟ್ಟಿ

ಹೊಟ್ಟೆ ಮತ್ತು ಕರುಳಿನ ವೈದ್ಯರ ಸಭೆಗಳಲ್ಲಿ ನಾನು ಮಾತು ಮುಗಿಸಿದ ಕೂಡಲೇ ಯಾರಾದರೊಬ್ಬ ಹಿರಿಯರು ಎದ್ದು ನಿಲ್ಲುತ್ತಾರೆ. ಕನ್ನಡಕ ಸರಿಮಾಡಿಕೊಂಡು, ಪ್ರಶ್ನೆ ಕೇಳುವ ಧಾಟಿಯಲ್ಲಿ ತೀರ್ಪು ಕೊಡುತ್ತಾರೆ. "ಮೇಡಂ, ಈ ರೋಗ ನಮ್ಮ ಕಡೆ ಇಲ್ಲ. ಇದು ಗೋಧಿ ಉಣ್ಣುವ ಉತ್ತರದವರ ರೋಗ." ಮೊದಮೊದಲು ನಾನು ನಯವಾಗಿ ಉತ್ತರ ಕೊಡುತ್ತಿದ್ದೆ. ಈಗ ಆ ನಯವೆಲ್ಲ ಸವೆದುಹೋಗಿದೆ. "ನೀವು ಹುಡುಕಿ ನೋಡಿದ್ದೀರಾ?" ಎಂದು ಕೇಳುತ್ತೇನೆ. "ಹುಡುಕುವ ಪ್ರಸಂಗ ಬಂದಿಲ್ಲ" ಎನ್ನುತ್ತಾರೆ. ಹಾಗಾದರೆ ಕೂತುಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಎಷ್ಟೋ ಸಲ ನುಂಗಿದ್ದೇನೆ. ಒಂದೆರಡು ಸಲ ಆಡಿಯೂ ಬಿಟ್ಟಿದ್ದೇನೆ, ಪಶ್ಚಾತ್ತಾಪವೇನೂ ಇಲ್ಲ.

ರೋಗದ ಹೆಸರು ಸೀಲಿಯಾಕ್. ಗೋಧಿಯಲ್ಲಿರುವ ಜಿಗುಟಾದ ಅಂಶವೊಂದು ಕೆಲವರ ಸಣ್ಣ ಕರುಳಿಗೆ ಆಗಿಬರುವುದಿಲ್ಲ. ತಿಂದಷ್ಟೂ ಕರುಳಿನ ಒಳಮೈ ಸವೆಯುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಹಿಡಿಯುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಇದಕ್ಕೆ ಗುಳಿಗೆಯಿಲ್ಲ, ಗೋಧಿ ಬಿಡಬೇಕು ಅಷ್ಟೇ. ಚಪಾತಿಯ ಕಣಕ ಎಳೆದರೆ ಹಿಗ್ಗುತ್ತದಲ್ಲ, ಆ ಜಿಗಿಯೇ ಇವರ ಶತ್ರು. ಜೋಳದ ಹಿಟ್ಟಿಗೆ ಆ ಜಿಗಿ ಇಲ್ಲ. ಅದಕ್ಕೇ ನಮ್ಮ ಹೆಂಗಸರು ಕುದಿಯುವ ನೀರು ಹಾಕಿ ನಾದಿ, ಅಂಗೈಯಿಂದ ಬಡಿದು ಬಡಿದು ರೊಟ್ಟಿ ಮಾಡುತ್ತಾರೆ. ಜೋಳ ಉಣ್ಣುವ ನಾಡಿನಲ್ಲಿ ಈ ರೋಗ ಇದ್ದರೂ ತೆಪ್ಪಗೆ ಮಲಗಿರುತ್ತದೆ ಎಂಬುದು ನನ್ನ ವಾದ. ಮಲಗಿದ್ದನ್ನು ನಾವೇ ತಟ್ಟಿ ಎಬ್ಬಿಸುತ್ತೇವೆ ಎಂಬುದು ವಾದದ ಉಳಿದ ಅರ್ಧ. ಜನರಿಗೆ ಸಿಟ್ಟು ಬರುವುದು ಆ ಅರ್ಧಕ್ಕೆ.

ಹೇಗೆ ಎಬ್ಬಿಸುತ್ತೇವೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾನು ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ, ಕಾಳು ವ್ಯಾಪಾರಿಯ ಮನೆಯಲ್ಲಿ. ಅಪ್ಪನ ಅಂಗಡಿಗೆ ಜೋಳ ಹೆಚ್ಚು ಬರುತ್ತಿತ್ತು, ಗೋಧಿ ಕಡಿಮೆ. ಮರ್ಯಾದೆ ಮಾತ್ರ ತಿರುವುಮುರುವು. ದಿನದ ಊಟಕ್ಕೆ ರೊಟ್ಟಿ, ಬೀಗರು ಬಂದರೆ ಚಪಾತಿ, ಹಬ್ಬ ಮದುವೆಗಳಿಗೆ ಗೋಧಿ ಹುಗ್ಗಿ. ಇನ್ನು ಮನೆಯಲ್ಲಿ ಯಾರಾದರೂ ಬೇನೆ ಬಿದ್ದರೆ ರೊಟ್ಟಿಯ ಹೆಸರನ್ನೇ ಎತ್ತುವಂತಿರಲಿಲ್ಲ. ನನಗೆ ಜ್ವರ ಬಂದ ಸಂಜೆ ಅಪ್ಪ ಬೇಕರಿಯಿಂದ ಬ್ರೆಡ್ಡು ತರುತ್ತಿದ್ದರು, ಅವ್ವ ಅದನ್ನು ಬಿಸಿ ಹಾಲಿನಲ್ಲಿ ನೆನೆಸಿ ಚಮಚದಿಂದ ತಿನ್ನಿಸುತ್ತಿದ್ದಳು. ಅಣ್ಣ ಬಾಗಿಲಲ್ಲಿ ನಿಂತು ಹೊಟ್ಟೆಕಿಚ್ಚು ಪಡುತ್ತಿದ್ದ. ಬೇನೆ ಬಿದ್ದವರ ತಾಟಿಗೆ ರೊಟ್ಟಿ ಹಾಕುವ ಮನೆಯೆಂದರೆ ಕರುಣೆಯಿಲ್ಲದ ಮನೆ ಎಂದು ಓಣಿಯಲ್ಲಿ ಆಡಿಕೊಳ್ಳುತ್ತಿದ್ದರು. ಸೊಸೆಗೆ ಹಾಗೆ ಮಾಡಿದರಂತೂ ಆ ಅತ್ತೆ ಗುಡಿಗೆ ಹೋದರೂ ಹೆಂಗಸರು ಮುಖ ತಿರುಗಿಸುತ್ತಿದ್ದರು.

ಈಗಲೂ ಏನೂ ಬದಲಾಗಿಲ್ಲ. ಹುಬ್ಬಳ್ಳಿಯಲ್ಲಿ ರೋಗಿಗಳನ್ನು ನೋಡಲು ಹೋಗುವವರ ಕೈಚೀಲ ಇಣುಕಿ ನೋಡಿ, ಬ್ರೆಡ್ಡು, ಟೋಸ್ಟು, ಬಿಸ್ಕೀಟು ಇದ್ದೇ ಇರುತ್ತವೆ. ನಾವು ವೈದ್ಯರಾದರೂ ಏನು ಹೇಳುತ್ತೇವೆ? "ಖಾರ, ರೊಟ್ಟಿ ಬಿಡ್ರಿ, ಹಗುರಾದ್ದು ತಗೋರಿ." ಹಗುರಾದ್ದೆಂದರೆ ಬ್ರೆಡ್ಡು, ರವೆಯ ಗಂಜಿ, ಸಜ್ಜಕ. ಎಲ್ಲವೂ ಗೋಧಿಯ ಮಕ್ಕಳೇ. ಈ ರೋಗ ಇದ್ದವರಿಗೆ ನಾವು ಬರೆದುಕೊಡುವ ಪಥ್ಯವೇ ವಿಷ.

ಇದು ನನಗೆ ಒಂದೇ ದಿನ ಹೊಳೆದದ್ದಲ್ಲ. ದೊಡ್ಡ ಊರಿನಲ್ಲಿ ಓದು ಮುಗಿಸಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಿದಾಗ ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು ಕೈಗುಣದ ಡಾಕ್ಟರು ಎಂದು ಸುತ್ತಿನ ಜಿಲ್ಲೆಗಳಲ್ಲೆಲ್ಲ ಹೆಸರಾದವರು. ಹೆಸರಿಗೆ ತಕ್ಕ ಕೈಯೂ ಇತ್ತು, ಸುಳ್ಳು ಹೇಳಬಾರದು. ಕುಡಿತದಿಂದ ಕೆಡುವ ಲಿವರಿನ ಬಗ್ಗೆ ಅವರು ಸಂಶೋಧನೆ ನಡೆಸುತ್ತಿದ್ದರು. ಬಂದ ವಾರವೇ ನನ್ನನ್ನು ಕರೆದು, "ನನ್ನ ಜೋಡಿ ಸೇರ್ಕೋರಿ, ನಿಮ್ಮ ಹೆಸರೂ ಬರ್ತದ, ಮುಂದ ಛಲೋ ಆಗ್ತದ" ಎಂದರು. ನಾನು ಸೀಲಿಯಾಕ್ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ ಎಂದೆ. ಅವರು ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಮಕ್ಕಳು ವಿಮಾನ ಬೇಕೆಂದಾಗ ದೊಡ್ಡವರು ನಗುವಂಥದ್ದು.

"ಜ್ವಾಳದ ನಾಡಿನ್ಯಾಗ ಗೋಧಿ ರೋಗ ಹುಡುಕ್ತೀರೇನು?" ಎಂದರು. ಆ ನಗು ನನಗೆ ಇನ್ನೂ ನೆನಪಿದೆ. ಬಯ್ದಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದೆ. ನಕ್ಕರು ನೋಡಿ, ಅದಕ್ಕೇ ಹಟ ಹಿಡಿದೆ. ಹಟದ ಬೆಲೆಯನ್ನೂ ತೆತ್ತೆ. ನನ್ನ ನಂತರ ಬಂದವರು ನನಗಿಂತ ಮೇಲಿನ ಕುರ್ಚಿಯಲ್ಲಿ ಕೂತರು, ಹಬ್ಬದ ದಿನಗಳ ಪಾಳಿ ನನ್ನ ಪಾಲಿಗೇ ಬಂತು.

ಆ ದಿನಗಳಲ್ಲೇ ಆ ಹುಡುಗಿ ಬಂದಳು. ಹುಡುಗಿಯೇನು, ಮದುವೆಯಾಗಿ ಗೋಕುಲ ರಸ್ತೆಯ ಕಡೆ ಹಾರ್ಡ್‌ವೇರ್ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದವಳು. ತವರು ವಿಜಾಪುರದ ಕಡೆಯ ಹಳ್ಳಿ. ಜೊತೆಗೆ ಅತ್ತೆ ಇದ್ದರು, ಹಣೆತುಂಬ ವಿಭೂತಿಯ ಗಟ್ಟಿ ಹೆಂಗಸು. ಸೊಸೆ ಕುರ್ಚಿಯಲ್ಲಿ ಕೂತಿದ್ದರೆ ಸೀರೆಯನ್ನಷ್ಟೇ ಮಡಚಿ ಇಟ್ಟಂತಿತ್ತು, ಅಷ್ಟು ಇಳಿದುಹೋಗಿದ್ದಳು. ವಿಷಯವನ್ನೆಲ್ಲ ಅತ್ತೆಯೇ ಹೇಳಿದರು.

"ಏನ್ ಹೇಳ್ಲಿರಿ ಡಾಕ್ಟರಬಾಯಿ, ನಮ್ಮ ಮನ್ಯಾಗ ಇದ್ರ ಹಾಸಿಗಿ ಹಿಡೀತಾಳ, ತವರಿಗೆ ಹೋದ್ರ ಗುಂಡಕಲ್ಲಿನಂಗ ಆಗಿ ಬರ್ತಾಳ. ಮಂದಿ ಏನಂತಾರ? ಅತ್ತಿ ಉಪಾಸ ಕೆಡವ್ಯಾಳ ಅಂತಾರ. ಖರೇ ಹೇಳ್ತೇನಿ, ನಾವು ರೊಟ್ಟಿ ಉಂಡು ಇಕೀಗೆ ಚಪಾತಿ ಹಾಕೇವಿ. ಹುಗ್ಗಿ ಮಾಡಿ ಮ್ಯಾಲ ತುಪ್ಪ ಸುರದೇವಿ. ದೊಡ್ಡ ಡಾಕ್ಟರು ಹೇಳಿದ್ರಂತ ಬ್ರೆಡ್ಡು, ಹಾಲು, ಸಜ್ಜಕ ಎಲ್ಲಾ ಕೊಟ್ಟೇವಿ. ಇನ್ನೇನ್ ಮಾಡೂಣ್ರಿ?"

ದೊಡ್ಡ ಡಾಕ್ಟರೆಂದರೆ ನಮ್ಮ ಮುಖ್ಯಸ್ಥರೇ. ಅವರು ಆಕೆಯನ್ನು ಹಿಂದೆಯೇ ನೋಡಿದ್ದರು. ಗಂಟಲಿನಿಂದ ಪೈಪು ಇಳಿಸಿ ನೋಡಿ, ಹುಣ್ಣು ಗಡ್ಡೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮನಸ್ಸಿನ ಗುಳಿಗೆ ಬರೆದುಕೊಟ್ಟಿದ್ದರು. "ಗಂಡನ ಮನ್ಯಾಗ ಇರೂ ಮನಸ್ಸಿಲ್ಲ ಆ ಹುಡುಗಿಗೆ, ಅಷ್ಟ" ಎಂದು ನನಗೂ ಹೇಳಿದರು. ಗಂಡನ ಮನೆಯಲ್ಲಿ ಬೇನೆ, ತವರಿನಲ್ಲಿ ಆರಾಮ. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕಿತ್ತು? ಮನೆಯಲ್ಲಿ ಆಕೆಯನ್ನು ಶಾಶ್ವತವಾಗಿ ತವರಿಗೆ ಕಳಿಸಿಬಿಡುವ ಮಾತು ನಡೆದಿತ್ತು. ಗಂಡ ಎರಡೂ ಕಡೆ ತಲೆಯಾಡಿಸುವ ಪೈಕಿ.

ನಾನು ಸೊಸೆಯನ್ನು ಒಬ್ಬಳನ್ನೇ ಕರೆದು ಕೇಳಿದೆ, "ತವರಿನಾಗ ಏನ್ ಉಣ್ತಿ?"

"ರೊಟ್ಟೀರಿ. ಮತ್ತೇನ್ ಇರ್ತದ ನಮ್ಮ ಕಡೆ? ರೊಟ್ಟಿ, ಝುಣಕ, ಶೇಂಗಾ ಚಟ್ನಿ" ಎಂದಳು. ಅಲ್ಲಿಯವರೆಗೆ ಯಾರೂ ಆಕೆಯನ್ನು ಹಾಗೆ ಕೇಳಿರಲಿಲ್ಲ. ಅತ್ತೆ ಒಳ್ಳೆಯವಳೋ ಕೆಟ್ಟವಳೋ ಎಂದು ಕೇಳಿದ್ದರು, ಗಂಡ ಹೊಡೆಯುತ್ತಾನೋ ಎಂದು ಕೇಳಿದ್ದರು. ತಾಟಿನಲ್ಲಿ ಏನಿತ್ತು ಎಂದು ಮಾತ್ರ ಕೇಳಿರಲಿಲ್ಲ.

ಅಂದೇ ರಕ್ತದ ಪರೀಕ್ಷೆ ಮಾಡಿಸಿ, ಮತ್ತೆ ಪೈಪು ಇಳಿಸಿ, ಸಣ್ಣ ಕರುಳಿನ ಆರಂಭದಿಂದ ಚೂರು ತೆಗೆಯಬೇಕು ಎಂದೆ. ಕಣ್ಣಿಗೆ ಏನೂ ಕಾಣದಿದ್ದರೂ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಮುಖ್ಯಸ್ಥರು ಎರಡೂ ಬೇಡವೆಂದರು. ಬೇಕೇ ಬೇಕೆಂದು ನಾನು ಅವರ ಹಿಂದೆ ಬಿದ್ದೆ. ಈ ಎಳೆದಾಟದಲ್ಲಿ ತಿಂಗಳುಗಳು ಉರುಳಿದವು. ಕೊನೆಗೆ "ಏನರೆ ಮಾಡ್ಕೋರಿ" ಎಂದು ಅವರು ಕೈಬಿಟ್ಟಾಗ ನಾನು ಗೆದ್ದೆ ಎಂದುಕೊಂಡೆ. ಹುಡುಗಿ ಬಂದಳು. ಕೆನ್ನೆ ತುಂಬಿಕೊಂಡಿತ್ತು, ಕಣ್ಣಲ್ಲಿ ಕಳೆ ಬಂದಿತ್ತು. ರಕ್ತ ತೆಗೆಸಿ, ಚೂರೂ ತೆಗೆದೆ. ವರದಿ ಬಂತು. ಎಲ್ಲವೂ ಸರಿಯಾಗಿದೆ. ರಕ್ತವೂ ಸರಿ, ಕರುಳೂ ಸರಿ.

ಮುಖ್ಯಸ್ಥರು ಬೆಳಗಿನ ಸಭೆಯಲ್ಲಿ ಆ ವರದಿಯನ್ನು ಎಲ್ಲರೆದುರು ಓದಿದರು. "ಮುಗೀತಲ್ಲ ಗೋಧಿ ಪುರಾಣ?" ಎಂದರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಸಂಜೆ ಧಾರವಾಡದ ಬಸ್ಸಿನಲ್ಲಿ ನಿಂತು ಹೋಗುವಾಗ ನವನಗರ ದಾಟಿದ ಮೇಲೆ ತಟ್ಟನೆ ಹೊಳೆಯಿತು. ಕೆನ್ನೆ ತುಂಬಿಕೊಂಡಿತ್ತಲ್ಲ! ಎಲ್ಲಿಂದ ಬಂದಿದ್ದಳು ಆಕೆ?

ಮರುದಿನ ಅತ್ತೆಗೆ ಫೋನು ಮಾಡಿ ಕೇಳಿದೆ. "ತವರಿನಿಂದ ಬಂದಿದ್ಲಲ್ರಿ" ಎಂದರು, ಇದೆಂಥಾ ಪ್ರಶ್ನೆ ಎನ್ನುವ ದನಿಯಲ್ಲಿ. "ಹೊಟ್ಟ್ಯಾಗ ಪೈಪ್ ಬಿಡ್ತಾರಂದ್ರ ಸಣ್ಣ ಮಾತಾ? ಮೊದಲ ಮೈಗೆ ತ್ರಾಣ ಬರಲಿ ಅಂತ ಬ್ಯಾಸಗಿಗೇ ಕಳಿಸಿದ್ವಿ. ದೀಪಾವಳಿ ಮುಗಿಸ್ಕೊಂಡು ಬಂದ್ಲು." ನಮ್ಮಲ್ಲಿ ಇದೇ ಪದ್ಧತಿ. ಆಪರೇಷನ್ ಇರಲಿ, ಬಾಣಂತನ ಇರಲಿ, ಏನೇ ಇದ್ದರೂ ಹೆಣ್ಣುಮಗಳನ್ನು ಮೊದಲು ತವರಿಗೆ ಕಳಿಸಿ ಗಟ್ಟಿ ಮಾಡುತ್ತಾರೆ. ಪ್ರೀತಿಯ ಪದ್ಧತಿ. ಆ ಪ್ರೀತಿಯೇ ನನ್ನ ಪರೀಕ್ಷೆಯನ್ನು ಹಾಳುಮಾಡಿತ್ತು. ಗೋಧಿ ತಿನ್ನುತ್ತಿದ್ದರೆ ಮಾತ್ರ ಈ ರೋಗ ಪರೀಕ್ಷೆಗೆ ಸಿಕ್ಕಿಬೀಳುತ್ತದೆ. ಅಷ್ಟು ತಿಂಗಳು ಬರೀ ರೊಟ್ಟಿ ಉಂಡು ಬಂದವಳ ಎಳೆಯ ಕರುಳು ತಾನಾಗಿಯೇ ವಾಸಿಯಾಗಿತ್ತು.

ಹುಡುಗಿಯನ್ನು ಕರೆಸಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. "ನೋಡವಾ, ನಿನಗ ಗೋಧಿ ಆಗಿಬರೂದಿಲ್ಲ ಅಂತ ನನಗ ಅನಿಸೇತಿ. ಇವತ್ತಿನಿಂದ ಬಿಟ್ಟುಬಿಡು, ಆರಾಮ ಇರ್ತಿ. ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡ. ಖಾತ್ರಿ ಆಗಬೇಕಂದ್ರ ಮಾತ್ರ ಕೆಲವು ವಾರ ಮತ್ತ ಗೋಧಿ ತಿನ್ನಬೇಕಾಗ್ತದ. ತಿಂದ್ರ ತ್ರಾಸ ಆಗ್ತದ. ನೀ ಬ್ಯಾಡ ಅಂದ ದಿವಸ ನಿಲ್ಲಸೂಣು."

ಆಕೆ ಯೋಚಿಸಲೂ ಇಲ್ಲ. "ತಿಂತೇನ್ರಿ" ಎಂದಳು.

"ಲಗೂ ಹೇಳಬ್ಯಾಡ. ವಿಚಾರ ಮಾಡು."

"ಏನ್ ವಿಚಾರ ಮಾಡ್ಲಿರಿ? ಸುಮ್ಮನ ಗೋಧಿ ಬಿಟ್ಟ್ರ ಏನಂತಾರ? ನಖರಾ ಅಂತಾರ. ತವರಿನ ರೊಟ್ಟೀನ ಬೇಕು ಅಂತ ಹಟ ಹಿಡದಾಳ ಅಂತಾರ. ಹುಚ್ಚಿ ಅಂತ ಆಗಲೇ ಗುಳಿಗಿ ನುಂಗಿಸ್ಯಾರ. ತ್ರಾಸ ನನಗ ಹೊಸಾದಲ್ರಿ. ನಾ ಸುಳ್ಳ ಹೇಳಿಲ್ಲ ಅಂತ ಒಮ್ಮೆ ಗೊತ್ತಾಗಲಿ."

ನನಗೂ ಆ ಖಾತ್ರಿ ಬೇಕಿತ್ತು, ಮುಚ್ಚಿಟ್ಟೇನು ಪ್ರಯೋಜನ. ಆದರೆ ಅಂದು ನನ್ನ ಎದುರಿಗೆ ಕೂತವಳ ಹಟದ ಮುಂದೆ ನನ್ನದು ಏನೂ ಅಲ್ಲ. ನಾನು ಸೋತರೆ ಸಭೆಯಲ್ಲಿ ಇನ್ನೊಂದು ಸಲ ಕಿವಿ ಬಿಸಿಯಾಗುತ್ತಿತ್ತು. ಆಕೆ ಸೋತರೆ ಆಕೆಯ ಮನೆಯೇ ಹೋಗುತ್ತಿತ್ತು.

ಆ ವಾರಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಸೊಸೆ ಮತ್ತೆ ಚಪಾತಿ ಕೇಳುತ್ತಾಳೆಂದು ಅತ್ತೆಗೆ ಖುಷಿಯೋ ಖುಷಿ. ಪರೀಕ್ಷೆಗಾಗಿ ಎಂದು ಹೇಳಿದ್ದರೂ ಅವರಿಗೆ ಅದು ಅರ್ಧ ಕಿವಿಯಲ್ಲಿ ಹೋಗಿತ್ತು. ಹುಗ್ಗಿ ಮಾಡಿದರು, ಗೋಧಿಯ ಮಾದಲಿ ಮಾಡಿದರು. ಹುಡುಗಿ ತಿಂದಳು, ಬಚ್ಚಲಿಗೆ ಓಡಿದಳು, ಮತ್ತೆ ಬಂದು ತಿಂದಳು. ಸೋಮವಾರ ಸೋಮವಾರ ನನ್ನ ಹತ್ತಿರ ಬರುತ್ತಿದ್ದಳು. ಪ್ರತಿ ಸಲವೂ ಕೆನ್ನೆ ಇಳಿದಿರುತ್ತಿತ್ತು. "ನಿಲ್ಲಸೂಣೇನವಾ?" ಎಂದು ಕೇಳುತ್ತಿದ್ದೆ. "ಸಾಕಷ್ಟ ಆತೇನ್ರಿ ಪರೀಕ್ಷಾಕ?" ಎಂದು ತಿರುಗಿ ಕೇಳುತ್ತಿದ್ದಳು. ಇನ್ನೂ ಸಾಲದು ಎಂದರೆ, "ಹಂಗಾರ ನಡೀಲಿ" ಎಂದು ಎದ್ದು ಹೋಗುತ್ತಿದ್ದಳು. ನಾನು ಊಟಕ್ಕೆ ಕೂತರೆ ತಾಟಿನ ಚಪಾತಿ ಮುಟ್ಟಲು ಮನಸ್ಸಾಗುತ್ತಿರಲಿಲ್ಲ.

ಎರಡನೆಯ ಸಲ ಚೂರು ತೆಗೆಯುವುದಕ್ಕೆ ಮುಖ್ಯಸ್ಥರು ಖಡಾಖಂಡಿತವಾಗಿ ಇಲ್ಲವೆಂದರು. "ಒಮ್ಮೆ ನಾರ್ಮಲ್ ಬಂದದ. ಮತ್ತ ಮಾಡೋದಂದ್ರ ಅದು ವೈದ್ಯಕೀ ಅಲ್ಲ, ನಿಮ್ಮ ಹಟ" ಎಂದರು. ಹೌದು, ಹಟವೇ ಎಂದೆ. ಮೊದಲ ಪರೀಕ್ಷೆ ಯಾಕೆ ತಪ್ಪಿತು ಎಂದು ವಿವರಿಸಿದೆ. ರೋಗಿ ಎಲ್ಲ ತಿಳಿದು ಒಪ್ಪಿದ್ದಾಳೆ, ನನ್ನ ಪಾಳಿಯ ದಿನ ನಾನೇ ಮಾಡುತ್ತೇನೆ, ಏನಾದರೂ ಆದರೆ ಹೊಣೆ ನನ್ನದು ಎಂದೆ. "ವಿಭಾಗದ ಹೆಸರು ಎಲ್ಲೂ ಹಾಕಬ್ಯಾಡ್ರಿ" ಎಂದರು. ಹಾಕುವುದಿಲ್ಲ ಎಂದೆ. ಹಾಕಲೂ ಇಲ್ಲ. ಮುಂದೆ ನನ್ನ ಕೆಲಸ ಅಚ್ಚಾದಾಗ ಆ ಹೆಸರನ್ನು ಸೇರಿಸಬಹುದಿತ್ತಲ್ಲ ಎಂದು ಅವರೇ ಕೇಳಿದರು. ನಾನು ಕೇಳಿಸಿಕೊಳ್ಳದವಳಂತೆ ಚಹಾ ಕುಡಿದೆ.

ಚೂರು ತೆಗೆದ ಮೂರ್ನಾಲ್ಕು ದಿನಕ್ಕೆ ಸೂಕ್ಷ್ಮದರ್ಶಕದ ಡಾಕ್ಟರು ಕೆಳಗಿನಿಂದ ಫೋನು ಮಾಡಿದರು. ಅವರು ಹೆಚ್ಚು ಮಾತಿನವರಲ್ಲ. "ಕೆಳಗ ಬರ್ರಿ, ನೀವ ನೋಡ್ರಿ" ಎಂದಷ್ಟೇ ಹೇಳಿದರು. ಮೆಟ್ಟಿಲು ಹೇಗಿಳಿದೆನೋ. ಕಣ್ಣಿಟ್ಟು ನೋಡಿದೆ. ಆರೋಗ್ಯವಾದ ಕರುಳಿನ ಒಳಮೈ ಹೊಸ ಟಾವೆಲ್ಲಿನಂತೆ ಜುಂಗುಜುಂಗಾಗಿರುತ್ತದೆ. ಈ ಚೂರು ವರ್ಷಗಟ್ಟಲೆ ಒಗೆದು ಒಗೆದು ನುಣ್ಣಗಾದ ಟಾವೆಲ್ಲಿನಂತಿತ್ತು. ರಕ್ತದ ವರದಿಯೂ ಅದನ್ನೇ ಹೇಳಿತು. ನನಗೆ ಕುಣಿಯಬೇಕೆನಿಸಿತು. ಮರುಕ್ಷಣವೇ ಆ ನುಣ್ಣನೆಯ ಚೂರು ಯಾರದೆಂದು ನೆನಪಾಗಿ ಕಣ್ಣು ತುಂಬಿತು. ಅವತ್ತೇ ಫೋನು ಮಾಡಿ, "ಗೋಧಿ ಬಿಡು, ಇನ್ನ ಒಂದ್ ತುತ್ತೂ ಬ್ಯಾಡ" ಎಂದೆ.

ಮರುದಿನ ಅತ್ತೆ ಸೊಸೆ ಇಬ್ಬರೂ ಬಂದರು. ಚಪಾತಿ, ಹುಗ್ಗಿ, ಬ್ರೆಡ್ಡು, ಟೋಸ್ಟು, ಸಜ್ಜಕ, ಯಾವುದು ಯಾಕೆ ಕೂಡದೆಂದು ಬಿಡಿಸಿ ಹೇಳಿದೆ. ಅತ್ತೆಯ ಮುಖ ಕಪ್ಪಿಟ್ಟಿತು. "ಅಂದ್ರ ನಾನ ಉಣಿಸಿ ಉಣಿಸಿ…" ಎಂದು ಅಲ್ಲಿಗೇ ನಿಲ್ಲಿಸಿದರು.

"ನೀವಲ್ರಿ" ಎಂದೆ. "ನಾವು ಡಾಕ್ಟರ್ರು ಬರದು ಕೊಟ್ಟೇವಿ, ನೀವು ಉಣಿಸೀರಿ." ಸಮಾಧಾನಕ್ಕೆ ಆಡಿದ ಮಾತಲ್ಲ ಅದು, ಇದ್ದ ಮಾತು.

ಆಮೇಲೆ ಸೊಸೆ ಕೇಳಿದಳು, "ಆ ಗುಳಿಗಿ ಬರದಿದ್ರಲ್ರಿ ದೊಡ್ಡ ಡಾಕ್ಟರು, ಅವರು ಅದಾರೇನ್ರಿ?" ಇದ್ದಾರೆ ಎಂದೆ. "ಅವರ ಹತ್ರ ಹೋಗೂಣ್ರಿ" ಎಂದಳು. ನಾನು ಬೇಡ ಅನ್ನಲಿಲ್ಲ. ಮೂವರೂ ಓಣಿ ದಾಟುವಂತೆ ಆ ಉದ್ದನೆಯ ಪಡಸಾಲೆ ದಾಟಿ ಮುಖ್ಯಸ್ಥರ ಕೋಣೆಗೆ ಹೋದೆವು.

ಅವರು ವರದಿಯನ್ನು ಎರಡು ಸಲ ಓದಿದರು. "ಹೂಂ. ಭಾಳ ಅಪರೂಪದ ಕೇಸು" ಎಂದರು. "ಗೋಧಿ ಬಿಡಸ್ರಿ, ಸರಿ ಹೋಗ್ತದ." ಕಾಗದ ನನ್ನ ಕಡೆ ಸರಿಸಿದರು.

ಹುಡುಗಿ ಏಳಲಿಲ್ಲ. "ಸರ್, ನೀವು ನನಗ ಹುಚ್ಚಿನ ಗುಳಿಗಿ ಬರದಿದ್ರಿ" ಎಂದಳು.

"ಹುಚ್ಚಿನದಲ್ಲವಾ, ಮನಸ್ಸಿಗೆ ಸಮಾಧಾನ ಇರಲಿ ಅಂತ."

"ನಮ್ಮತ್ತಿ ಮುಂದ ಒಂದ್ ಮಾತ್ ಹೇಳ್ರಿ ಸರ್. ನಾ ಸುಳ್ಳ ಹೇಳಿದ್ದಿಲ್ಲ ಅಂತ. ಅಷ್ಟ ಸಾಕು."

ಮುಖ್ಯಸ್ಥರು ಮೇಜಿನ ಮೇಲಿದ್ದ ಫೋನನ್ನು ತಿರುಗಿಸಿ ಇಟ್ಟರು. ಕನ್ನಡಕ ತೆಗೆದು ಒರೆಸಿದರು. "ಹೊರಗ ಪೇಶಂಟ್ ಭಾಳ ಮಂದಿ ಕಾಯಾಕತ್ತಾರ" ಎಂದರು. ನನ್ನ ಸಿಟ್ಟು ನೆತ್ತಿಗೇರಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು.

"ಅವರು ಹೇಳೂದು ಬ್ಯಾಡ" ಎಂದರು. "ಚಮಚದಿಂದ ಬ್ರೆಡ್ಡು ತಿನಿಸಿದಾಕಿ ನಾನು. ತವರಿಗೆ ಕಳಿಸಿಬಿಡ್ತೇನಿ ಅಂದಾಕಿನೂ ನಾನು. ನಾ ಹೇಳ್ತೇನಿ." ಸೊಸೆಯ ಕಡೆ ತಿರುಗಿದರು. "ನೀ ಸುಳ್ಳ ಹೇಳಿದ್ದಿಲ್ಲವಾ. ನಡಿ ಮನಿಗೆ. ಜ್ವಾಳದ ಹಿಟ್ಟ ಇನ್ನ ಬೀಸಿಸಬೇಕು. ಇವತ್ತಿನಿಂದ ನಮ್ಮ ಮನ್ಯಾಗ ಎಲ್ಲಾರಿಗೂ ರೊಟ್ಟಿ. ಬೀಗರು ಬಂದ್ರೂ ರೊಟ್ಟಿ. ಆಡಿಕೊಳ್ಳೋ ಮಂದಿ ಬಂದು ನನ್ನ ಮುಂದ ಆಡ್ಲಿ."

ಸೊಸೆಯ ರಟ್ಟೆ ಹಿಡಿದುಕೊಂಡು ಹೊರಟೇಬಿಟ್ಟರು. ಹುಡುಗಿ ಬಾಗಿಲಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು. ಮುಖ್ಯಸ್ಥರನ್ನಲ್ಲ, ನನ್ನನ್ನು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ನಾನು ಅಲ್ಲೇ ಉಳಿದೆ. "ಇನ್ನೇನ್ರಿ?" ಎಂದರು ಮುಖ್ಯಸ್ಥರು, ತಲೆ ಎತ್ತದೆ.

"ಸರ್, ನಾಳೆಯಿಂದ ನನ್ನ ಪಾಳ್ಯಾಗ ಇಂಥಾ ತ್ರಾಸ ಅಂತ ಬಂದವರನ್ನ ಮೊದಲ ತಾಟಿನ್ಯಾಗ ಏನ್ ಇತ್ತು ಅಂತ ಕೇಳ್ತೇನಿ. ಸಂಶಯ ಬಂದ ಪ್ರತಿಯೊಬ್ಬರದೂ ಚೂರು ತಗೋತೇನಿ."

"ಅದಕ್ಕ ನಾ ಒಪ್ಪಿಗಿ ಕೊಟ್ಟಿಲ್ಲಲಾ" ಎಂದರು.

"ಕೇಳಾಕ ಬಂದಿಲ್ರಿ ಸರ್, ಹೇಳಾಕ ಬಂದೇನಿ" ಎಂದೆ. ಮೇಜಿನ ಮೇಲಿದ್ದ ವರದಿಯನ್ನು ಎತ್ತಿಕೊಂಡು ನನ್ನ ಪಾಳಿಗೆ ಹೋದೆ.